ಉಳವಪ್ಪನ ವಿಮಾನ ಸನ್ಯಾಸ

ಇಂಜಿನಿಯರ್ ಉಳವಪ್ಪ ವಿಮಾನ ಬಿಟ್ಟದ್ದು ಭೂಮಿಗಾಗಿ ಅಲ್ಲ, ಕೆಳಗಿನ ಮನೆಯ ಸುಶೀಲಾಬಾಯಿಯ ಕುಕ್ಕರಿಗಾಗಿ.

ಜರ್ಮನಿಯ ಶ್ವೀಬರ್ಡಿಂಗೆನ್ನಿನಿಂದ ಧಾರವಾಡಕ್ಕೆ ಯಾರೇ ಹೊರಡಲಿ, ಅವರ ಸೂಟ್‌ಕೇಸು ಸಾರ್ವಜನಿಕ ಸೊತ್ತು. ಹೋದ ಸಲ ಉಳವಪ್ಪ ಸುಶೀಲಾಬಾಯಿಯದೂ ಸೇರಿ ಮಂದಿಯ ಮೂರು ಕುಕ್ಕರು, ಎಂಟು ಕಿಲೋ ಚಾಕೊಲೇಟು ಹೊತ್ತು, ತನ್ನ ಬಟ್ಟೆಯನ್ನೆಲ್ಲ ಮೈಮೇಲೇ ಹೇರಿಕೊಂಡು ಎಲೆಕೋಸಿನ ಹಾಗೆ ಊರಿಗಿಳಿದಿದ್ದ. ಅವ್ವನ ಮುಖ ನೋಡಿ ಈಗ ಎರಡು ವರ್ಷ. ಈ ಸಲ ಅವ್ವನಿಗೂ ಹೇಳದೆ ಟಿಕೆಟ್ ತೆಗೆದು, ಊರೆಲ್ಲ ಸಾರಿದ: "ವಿಮಾನದ ಹೊಗಿಗೆ ಭೂಮಿ ಕಾಯಾಕತ್ತೈತ್ರಿ. ಇನ್ನ ನಾ ಹಾರಂಗಿಲ್ಲ."

ಮೂರು ತಿಂಗಳಾಗಿ ಟಿಕೆಟ್ಟಿನ ಶನಿವಾರ ಬಂತು. ಮೂರು ಗಂಟೆಗೆ ವಿಮಾನ. ಹನ್ನೊಂದಕ್ಕೆ ಸೂಟ್‌ಕೇಸು ಹಿಡಿದು ಮೆಟ್ಟಿಲಿಳಿದರೆ ಬಾಗಿಲಲ್ಲೇ ಸುಶೀಲಾಬಾಯಿ, ಜೊತೆಗೆ ಆಫೀಸಿನ ಗೆಳೆಯ ಗಿರಿಧರ್.

"ಎಲ್ಲಿಗ್ರೀ ಉಳವಪ್ಪ? ಇವತ್ತ ಮನಿ ಬಿಟ್ಟು ಹೋಗಬ್ಯಾಡ್ರಿ. ಊಟ ನಮ್ಮಲ್ಲೇ."

"ಇಲ್ಲೇ ಓಣಿ ಮೂಲಿಗ್ರೀ. ಹೆಚ್ಚಿನ ಬಟ್ಟಿ, ಬೇಕಾದವರು ಒಯ್ಯಲಿ ಅಂತ ಇಟ್ಟು ಬರ್ತೀನಿ. ಅತಿ ಸಾಮಾನೂ ಭೂಮಿಗೆ ಭಾರ ನೋಡ್ರಿ."

"ಹಂಗಾರ ಬೇಕಾದವರು ನಾವೇ ಅದೀವಲ್ಲ," ಎಂದು ಗಿರಿಧರ್ ಜಿಪ್ ಎಳೆದ.

ಮೇಲೇ ಅವ್ವನಿಗೆಂದು ಕೊಂಡ ಉಣ್ಣೆಯ ಶಾಲು. ಕೆಳಗೆ ತಮ್ಮನಿಗೆ ಕೊಂಡ ಬೂಟು.

"ಲೇಬಲ್ ಸುದ್ದಾ ಹರಿದಿಲ್ಲಲ್ಲೋ ಮಗಾ," ಎಂದ ಗಿರಿಧರ್.

"ವೈರಾಗ್ಯ ಅಂದ್ರ ಇದು," ಎಂದು ಸುಶೀಲಾಬಾಯಿ ಶಾಲು ಹೊದ್ದರು.

ಗಿರಿಧರ್ ಬೂಟಿಗೆ ಕಾಲು ತುರುಕಿದ. "ಒಂದು ಸೈಜ್ ಸಣ್ಣವು. ಇರಲಿ, ಭೂಮಿ ಸಲುವಾಗಿ ತಡ್ಕೋತೀನಿ."

ಹನ್ನೆರಡಕ್ಕೆ ಸೂಟ್‌ಕೇಸಿನಲ್ಲಿ ಹಲ್ಲುಜ್ಜುವ ಬ್ರಶ್ಶೊಂದೇ ಉಳಿದಿತ್ತು. ಸುಶೀಲಾಬಾಯಿ ಗಡಿಯಾರ ನೋಡಿ, "ಗಿರಿಧರ್, ನೀ ಕಾರ್ ತೊಗೊಂಡು ಹೊಂಡಪಾ, ಹೊತ್ತಾತು" ಎಂದರು. ಅವನು ಕುಂಟುತ್ತ ಹೋದ.

"ಖಾಲಿ ಸೂಟ್‌ಕೇಸಾದ್ರೂ ಇಟ್ಟು ಬರ್ತೀನ್ರೀ, ಐದೇ ಮಿನಿಟು," ಎಂದ ಉಳವಪ್ಪ ಬಸ್‌ಸ್ಟಾಪಿನವರೆಗೆ ಹಿಂತಿರುಗಿ ನೋಡಲಿಲ್ಲ.

ವಿಮಾನದಲ್ಲಿ ಕೂತು ಬೆಲ್ಟ್ ಬಿಗಿದ. ಸಾಮಾನು ಹೋದರೆ ಹೋಗಲಿ, ನಾಳೆ ಬೆಳಗ್ಗೆ ಅವ್ವನ ಕೈಯ ರೊಟ್ಟಿ. ಬಾಗಿಲು ಮುಚ್ಚಿತು. ಅಷ್ಟರಲ್ಲಿ ಅವ್ವನ ಫೋನು.

"ಎಲ್ಲದಿಯೋ ಉಳವ್ಯಾ? ನಿನ್ನ ಮನಿ ಬಾಗಿಲಾಗ ನಿಂತೀನಿ."

"ಯಾವ ಮನಿ ಅವ್ವಾ?"

"ಜರ್ಮನಿ ಮನಿ. ನಿಮ್ಮ ಮಗ ಇನ್ನ ವಿಮಾನ ಹತ್ತಂಗಿಲ್ಲ, ನೀವೇ ಬರ್ರಿ ಅಂತ ಸುಶೀಲಾಬಾಯಿ ಫೋನ್ ಮಾಡಿದ್ರು. ವೀಸಾದ ಕಾಗದಾನೂ ಅವರೇ ಕಳಿಸಿದ್ರು. ನಿನಗ ಹೇಳಬಾರದು ಅಂದ್ರು. ನಾನು, ನಿನ್ನ ತಮ್ಮ, ಅವನ ಹೆಂಡ್ತಿ, ನಿಮ್ಮ ಮಾವ, ನಾಕು ಮಂದಿ ಹಾರಿ ಬಂದೀವಿ. ಆ ಗಿರಿಧರ್ ಪಾಪ ಕುಂಟಕೋತ ಏರ್‌ಪೋರ್ಟಿಗೆ ಬಂದು ಕರ್ಕೊಂಡು ಬಂದ."

ವಿಮಾನ ರನ್‌ವೇಯಲ್ಲಿ ಓಡತೊಡಗಿತು.

"ಏನೋ ಅದು ಸಪ್ಪಳ?"

"ಬಸ್ ಅವ್ವಾ," ಎಂದ ಉಳವಪ್ಪ. "ಮುಂದಿನ ಸ್ಟಾಪಿಗೆ ಇಳದು ಬರ್ತೀನಿ. ಒಂದೀಟು ದೂರೈತಿ."