ಎಲೆ ಉದುರಿಸಿ ನನ್ನ ಮಾನ ಬೀದಿಗೆ ತಂದ ದಾಸವಾಳಕ್ಕೆ

ನಮ್ಮ ನಡುಮನೆಯ ಕಿಟಕಿಯೆದುರು ಖಾಯಂ ವಾಸವಾಗಿರುವ ದಾಸವಾಳ ಪೊದೆಯವರ ಸಮ್ಮುಖಕ್ಕೆ,

ಮಾನ್ಯರೇ,

ತಮ್ಮ ಬೇರುಗಳು ತಂಪಾಗಿರಲಿ, ಕೊಂಬೆಗಳಿಗೆ ಇರುವೆ ಹತ್ತದಿರಲಿ ಎಂದು ಹಾರೈಸುತ್ತ, ಪಕ್ಕದ ಶಾಲೆಯಲ್ಲಿ ಗಣಿತ ಕಲಿಸುವ ನಾನು ಬಿನ್ನವಿಸಿಕೊಳ್ಳುವುದೇನೆಂದರೆ: ತಾವು ಎಲೆ ತುಂಬಿ ನಿಂತಿದ್ದ ಕಾಲದಲ್ಲಿ, ವೈದ್ಯರ ಅಪ್ಪಣೆಯಂತೆ ನಾನು ದಿನಾ ಬೆಳಿಗ್ಗೆ ಪಟ್ಟೆಪಟ್ಟೆ ಚಡ್ಡಿಯಲ್ಲಿ ಮಾಡುವ ವ್ಯಾಯಾಮ ನಮ್ಮಿಬ್ಬರ ನಡುವಿನ ಗುಟ್ಟಾಗಿತ್ತು. ತಾವೋ ಹಳದಿಯಾಗಿ, ಒಂದೊಂದೇ ಎಲೆ ಕಳಚಿ, ಕೊನೆಗೆ ಬರೀ ಕಡ್ಡಿಯಾಗಿ ನಿಂತಿರಿ. ಪರದೆ ಹಾಕಬಹುದಿತ್ತಲ್ಲ ಎನ್ನುವಿರೇನೋ. ಗಾಳಿ ಬೆಳಕು ಬೇಕೇಬೇಕೆಂಬುದು ವೈದ್ಯರ ಎರಡನೆಯ ಅಪ್ಪಣೆ. ಶಾಲೆಯ ಮಕ್ಕಳೆಲ್ಲ ನಮ್ಮ ಗೇಟಿನ ಹತ್ತಿರ ನಡಿಗೆ ನಿಧಾನ ಮಾಡತೊಡಗಿದರು. ನಾನು ಬೋರ್ಡಿನ ಕಡೆ ತಿರುಗಿದೊಡನೆ ಹಿಂದಿನ ಬೆಂಚಿನಲ್ಲಿ ನನ್ನ ಸೊಂಟ ತಿರುಗಿಸುವ ಭಂಗಿಯ ತಾಲೀಮು ನಡೆಯುತ್ತದೆಂದು ಮುಖ್ಯೋಪಾಧ್ಯಾಯಿನಿಯವರೇ ನಗು ನುಂಗಿಕೊಂಡು ತಿಳಿಸಿದರು. ನಾನು ಕೆಮ್ಮಿದರೂ ನಡುಗುತ್ತಿದ್ದ ತರಗತಿ ಅದು!

ನಾವೇನೂ ಕೈಕಟ್ಟಿ ಕೂರಲಿಲ್ಲ. ಮೊದಲ ಎಲೆ ಬಾಡಿದಂದಿನಿಂದಲೇ ಬೆಳಿಗ್ಗೆ ನಾನು ಬಕೆಟ್ಟುಗಟ್ಟಲೆ ನೀರು ಹಾಕಿದೆ. ಪಾಪ ಒಣಗಿದೆಯೆಂದು ಸಂಜೆ ನನ್ನಾಕೆ ಹಾಕಿದಳು. ಮಧ್ಯಾಹ್ನ ಮಾವನವರು ಯಾರಿಗೂ ಹೇಳದೆ ಪೈಪನ್ನೇ ಬಿಟ್ಟರು. ಇಷ್ಟು ಸೇವೆ ಪಡೆದೂ ತಾವು ಇನ್ನಷ್ಟು ಜೋತುಬಿದ್ದದ್ದು ತಮ್ಮ ದೊಡ್ಡಸ್ತಿಕೆಗೆ ತಕ್ಕದ್ದೇ. ಕಡೆಗೆ ನನ್ನಾಕೆ ಬುಡ ಕೆದಕಿ, ಕಪ್ಪಾಗಿ ಮೆತ್ತಗಾಗಿದ್ದ ಬೇರೊಂದನ್ನು ಎತ್ತಿ ಮೂಸಿ, ಮುಖ ಕಿವುಚಿ, "ಇದಕ್ಕೆ ಬಾಯಾರಿಕೆ ಅಲ್ಲ ರೀ, ಮುಳುಗ್ತಾ ಇದೆ. ನಾನಲ್ದೆ ಇನ್ಯಾರು ನೀರು ಹಾಕ್ತಿರೋದು?" ಎಂದಳು. ನಾನು ಕೈಯೆತ್ತಿದೆ. ಮಾವನವರು ಪತ್ರಿಕೆಯ ಹಿಂದೆ ಮರೆಯಾದರು.

ಕೊಳೆತ ಬೇರು ಕತ್ತರಿಸಿ, ಒಣಕೊಂಬೆ ಸವರಿ, ಮರಳು ಬೆರೆಸಿದ ಮಣ್ಣು ಏರಿಸಿ ತಮ್ಮನ್ನು ಮತ್ತೆ ನೆಟ್ಟೆವು. ಬೆರಳಿಟ್ಟು ನೋಡಿ, ಮಣ್ಣು ಒಣಗಿದ್ದರಷ್ಟೇ ನೀರು ಎಂಬ ಕಾಯಿದೆ ಜಾರಿಯಾಯಿತು. ಪೈಪು ಅಟ್ಟ ಸೇರಿತು. ತಾವು ಚಿಗುರಿದಿರಿ, ಅಭಿನಂದನೆಗಳು. ಆದರೆ ಬುಡದಲ್ಲಷ್ಟೇ ಚಿಗುರಿ, ನನ್ನ ಮೊಣಕಾಲನ್ನು ಮಾತ್ರ ಮುಚ್ಚಿದ ತಮ್ಮ ಔದಾರ್ಯವನ್ನು ಹೇಗೆ ಕೊಂಡಾಡಲಿ? ದಯಮಾಡಿ ರಜೆ ಮುಗಿದು ಶಾಲೆ ತೆರೆಯುವುದರೊಳಗೆ ನನ್ನ ಭುಜದೆತ್ತರಕ್ಕೆ ಬೆಳೆಯಬೇಕು. ಆಗದಿದ್ದರೆ ಮಿಕ್ಕದ್ದನ್ನೆಲ್ಲ ಬಿಟ್ಟು ಸೊಂಟದ ಮಟ್ಟಕ್ಕೆ ಆದ್ಯತೆ ಕೊಟ್ಟು ಎಲೆ ಬಿಡಬೇಕು. ಹೂವಿನ ವಿಚಾರ ಆಮೇಲೆ ನೋಡಿಕೊಳ್ಳೋಣ.

ಇಷ್ಟಾದರೂ ತಮ್ಮ ನೆರಳನ್ನೇ ನಂಬಿರುವ,
ತಮ್ಮ ವಿಶ್ವಾಸಿ,
ಕಿಟಕಿಯೊಳಗಿನ ಮೇಷ್ಟ್ರು

ವಿ.ಸೂ.: ಪತ್ರ ಮಡಿಸುವಷ್ಟರಲ್ಲಿ ಎದುರುಮನೆಯ ಅಜ್ಜಿ ಬಂದರು. ತಾವು ಬೋಳಾದಂದಿನಿಂದ ಅವರು ಎದುರಿನ ಜಗುಲಿಯಲ್ಲಿ ನಿಂತು, ನನ್ನನ್ನು ನೋಡಿಕೊಂಡೇ ಕೈಕಾಲು ಆಡಿಸುತ್ತಿದ್ದರಂತೆ. ಈಗ ಗೋಡೆ ಹಿಡಿಯದೆ ಮೆಟ್ಟಿಲು ಹತ್ತುತ್ತಾರಂತೆ. "ಆ ಗಿಡ ಮೇಲೆ ಬರ್ತಾ ಇದೆ ಮೇಷ್ಟ್ರೇ, ನೀವು ಕಾಲು ಹೇಗಿಡ್ತೀರೋ ಕಾಣಲ್ಲ" ಎಂದರು. ತಮ್ಮನ್ನು ಸವರಲು ಕತ್ತರಿಯನ್ನೂ ತಂದಿದ್ದರು. ನಾಳೆಯಿಂದ ಅವರಿಗಾಗಿ ಕಿಟಕಿಗೆ ಇನ್ನಷ್ಟು ಹತ್ತಿರ ನಿಂತು, ನಿಧಾನವಾಗಿ ಮಾಡಿ ತೋರಿಸಲು ಒಪ್ಪಿಕೊಂಡಿದ್ದೇನೆ. ಒಪ್ಪಿಕೊಳ್ಳುವ ಮೊದಲು ತಮ್ಮನ್ನೊಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.