ಗಾಡಿಯ ಯೋಗಕ್ಷೇಮ

ತಿಪಟೂರಿನ ಶಿವನಂಜಪ್ಪ ಆವತ್ತು ಬೆಳಿಗ್ಗೆ ಹತ್ತು ಗಂಟೆಗೆ ತಂಗಿಯ ಗಾಡಿಯ ಮುಂದೆ ಊದುಬತ್ತಿ ಹಚ್ಚಿ, ತಾನು ಕಂಡುಹಿಡಿದ 'ವಾಹನವಾಣಿ' ಎಂಬ ಯಂತ್ರವನ್ನು ಲೋಕಕ್ಕೆ ಅರ್ಪಿಸಿದ. ಲೋಕವೆಂದರೆ ತಂಗಿ ಗಂಗಾಂಬಿಕೆ ಒಬ್ಬಳೇ. ಅವಳೂ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, ಒಲೆ ಮೇಲೆ ಪಲ್ಯವಿದೆ, ಬೇಗ ಮುಗಿಸು ಎಂದಳು.

ಶಿವನಂಜಪ್ಪ ಟೆಲಿಫೋನ್ ಕಚೇರಿಯಲ್ಲಿ ಮೂವತ್ತು ವರ್ಷ ತಂತಿ ಜೋಡಿಸಿ ನಿವೃತ್ತನಾದವನು. ಅಂದಿನಿಂದ ಮನೆಯಲ್ಲಿ ಏನು ಕೆಟ್ಟರೂ ಅವನಿಗೆ ಹಬ್ಬ. ಹೋದ ವರ್ಷ ತನ್ನಷ್ಟಕ್ಕೆ ತಾನೇ ಗುಡಿಸುವ ಪೊರಕೆಯೊಂದನ್ನು ಮಾಡಿದ್ದ. ಅದು ಬೆಕ್ಕನ್ನು ಅಟ್ಟಿಸಿಕೊಂಡು ಬೀದಿಗೆ ಹೋಯಿತು. ಬೆಕ್ಕು ವಾಪಸ್ಸು ಬಂದಿದೆ.

ಗಂಗಾಂಬಿಕೆಗೆ ಮಾತ್ರ ಈ ಸಲ ನಗು ಬರುತ್ತಿರಲಿಲ್ಲ. ಕರಡಿಗುಡ್ಡದ ಮೇಲೆ ಅರಣ್ಯ ರಕ್ಷಕರ ತರಬೇತಿ ಶಿಬಿರವಿದೆ. ಅಲ್ಲಿಯ ಅರವತ್ತು ಜನಕ್ಕೆ ಮಧ್ಯಾಹ್ನ ಒಂದು ಗಂಟೆಗೆ ಊಟ ಒಯ್ಯುವುದು ಅವಳ ಕೆಲಸ. ಗಂಡ ತೀರಿಕೊಂಡ ಮೇಲೆ ಅವಳನ್ನು ನಿಲ್ಲಿಸಿದ್ದು ಆ ಅಡುಗೆಯೇ. ಆದರೆ ಹದಿನೈದು ದಿನದಿಂದ ಅವಳ ಟರ್ಬೊ ಡೀಸೆಲ್ ಗಾಡಿಗೆ ಏನೋ ಆಗಿತ್ತು. ಸಮನೆಲದಲ್ಲಿ ಚೆನ್ನಾಗಿಯೇ ಓಡುತ್ತದೆ, ಗುಡ್ಡದ ಏರು ಸಿಕ್ಕಿದ ಕೂಡಲೇ ದಮ್ಮು ಕಳೆದುಕೊಂಡು ಕರಿಹೊಗೆ ಬಿಡುತ್ತಾ ತೆವಳುತ್ತದೆ. ಎರಡು ದಿನ ಊಟ ತಡವಾಯಿತು. ಇನ್ನೊಂದು ಸಲ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಶಿಬಿರದ ಅಧಿಕಾರಿ ಹನುಮಂತರಾಯರು ಹೇಳಿಬಿಟ್ಟಿದ್ದರು. ಮೆಕ್ಯಾನಿಕ್ಕು ಡೀಸೆಲ್ ಫಿಲ್ಟರ್ ಬದಲಿಸಿ ನೋಡಿ, ಎಂಜಿನ್ನಿಗೆ ಗಾಳಿ ತುಂಬೋ ಟರ್ಬೊನೇ ಹೋಗಿದೆ, ಎರಡು ವಾರ ಬಿಟ್ಟುಹೋಗಿ ಅಂದಿದ್ದ. ಎರಡು ವಾರ ಗಾಡಿ ಬಿಟ್ಟರೆ ಕೆಲಸವನ್ನೂ ಬಿಟ್ಟಂತೆಯೇ.

ವಾಹನವಾಣಿಯ ಕೆಲಸ ಸರಳ, ಗಾಡಿಗೆ ಎಲ್ಲಿ ನೋವೆಂದು ಗಾಡಿಯ ಬಾಯಿಂದಲೇ ಹೇಳಿಸುವುದು. ಅದಕ್ಕಾಗಿ ಶಿವನಂಜಪ್ಪ ಎಂಜಿನ್ನಿನಿಂದ ಹಿಡಿದು ವೈಪರ್, ಹಾರ್ನ್, ಬಾಗಿಲಿನ ಬೀಗದವರೆಗೆ ಒಂದು ತಂತಿಯನ್ನೂ ಬಿಡದೆ ಜೋಡಿಸಿದ್ದ. ಇನ್ನು ಯಂತ್ರಕ್ಕೆ ನೋವು ಹೇಳಿಕೊಳ್ಳುವುದನ್ನು ಕಲಿಸಬೇಕಲ್ಲ. ಸೋದರತ್ತೆ ಸರ್ವಮಂಗಳಮ್ಮನ ಎರಡು ವರ್ಷದ ಫೋನ್ ಮಾತನ್ನೆಲ್ಲ ಅದಕ್ಕೆ ಕೇಳಿಸಿದ್ದ.

"ಮೈಕೈ ನೋವಿನ ವಿಷಯದಲ್ಲಿ ಅತ್ತೇನ ಮೀರ್ಸೋರು ಈ ತಾಲ್ಲೂಕಲ್ಲೇ ಇಲ್ಲ ಕಣೇ ಗಂಗೂ" ಎಂದು ಹೆಮ್ಮೆಯಿಂದ ಗುಂಡಿ ಒತ್ತಿ, ಗಾಡಿಯನ್ನು ಕೇಳಿದ: "ಏನಾಗಿದೆ ನಿಂಗೆ?"

ಗಾಡಿ ನಿಟ್ಟುಸಿರು ಬಿಟ್ಟಿತು. "ನಂಗೇನಾಗ್ಬೇಕು? ಚೆನ್ನಾಗೇ ಇದೀನಿ" ಎಂದಿತು. ಸಾಕ್ಷಾತ್ ಸರ್ವಮಂಗಳಮ್ಮನ ದನಿ.

ಶಿವನಂಜಪ್ಪ ಬೆವರು ಒರೆಸಿಕೊಂಡು ಮತ್ತೆ ಮತ್ತೆ ಕೇಳಿದ. ಗಾಡಿ ಮತ್ತೆ ಮತ್ತೆ ಚೆನ್ನಾಗೇ ಇತ್ತು. ಹೊತ್ತು ಮೀರುತ್ತಿತ್ತು. ಗಂಗಾಂಬಿಕೆ ಪಾತ್ರೆಗಳನ್ನು ಹಿಂದೆ ತುಂಬಿ, ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೇಬಿಟ್ಟಳು.

ಗುಡ್ಡದ ಮೂರನೇ ತಿರುವಿನಲ್ಲಿ ಗಾಡಿ ನಿಂತಿತು. ಗಂಟೆ ಹನ್ನೆರಡೂಕಾಲು. ಶಿವನಂಜಪ್ಪ ಈಗ ಗದರಿಸಿ ನೋಡಿದ. ಇಷ್ಟು ಖರ್ಚು ಮಾಡಿ ಬಾಯಿ ಕೊಟ್ಟಿದ್ದೀನಿ, ನೆಟ್ಟಗೆ ಮಾತಾಡು ಅಂದ. ಗಾಡಿಗೆ ಮುನಿಸು ಬಂತು. ವೈಪರ್ ಎರಡೂ ಬಡಬಡನೆ ಆಡಿದವು, ಹಾರ್ನ್ ಒಂದೇ ಸಮನೆ ಕೂಗಿತು, ಅವನ ಕಡೆಯ ಕಿಟಕಿಯ ಗಾಜು ಮೂಗಿನ ತನಕ ಏರಿ ಅಲ್ಲೇ ನಿಂತಿತು.

"ಅಣ್ಣಾ, ನೀನು ಸುಮ್ನಿರು. ಅತ್ತೆ ತನ್ನ ನೋವನ್ನ ಮನೆಯವ್ರಿಗೆ ಯಾವತ್ತಾದ್ರೂ ಹೇಳಿದ್ದುಂಟಾ? ಬಸ್ಸಲ್ಲಿ ಪಕ್ಕ ಕೂತೋರ ಹತ್ರ ಹೇಳೋದು" ಎಂದಳು ಗಂಗಾಂಬಿಕೆ. ಹೇಳಿದವಳೇ ಇಳಿದು, ತಿರುವಿನ ಆಚೆಗೆ ಹೋಗಿ, ಯಾರೋ ದಾರಿಹೋಕಳಂತೆ ಚಪ್ಪಲಿ ಸದ್ದು ಮಾಡಿಕೊಂಡು ಏದುಸಿರು ಬಿಡುತ್ತಾ ಬಂದಳು. ದನಿ ಬದಲಿಸಿ, ಉಸ್ಸಪ್ಪಾ ಏನು ಏರಮ್ಮ ಇದು, ಎಲ್ಲಿಗೆ ಹೊರಟಿರಿ ಎಂದು ಬಾನೆಟ್ಟಿನ ಪಕ್ಕದ ಕಲ್ಲಿನ ಮೇಲೆ ಕೂತಳು.

ಗಾಡಿ ದನಿ ತಗ್ಗಿಸಿತು.

"ನಿನ್ ಹತ್ರ ಹೇಳಕ್ಕೇನಮ್ಮ. ನಮ್ಮನೆ ಹುಡ್ಗಿ ಒಳ್ಳೇವ್ಳೇ. ಆಯುಧಪೂಜೆ ದಿನ ನನ್ನ ಮೂಗಿನ ಹತ್ರ ಅರಿಶಿನ ಕುಂಕುಮ ಹಚ್ಚಿ ರವಿಕೆ ಕಣ ಇಟ್ಲು. ಅದು ಗಾಳಿ ಜೊತೆ ಒಳಕ್ಕೆ ಹೋಗಿ ಅಡ್ಡ ಕೂತ್ಬಿಟ್ಟಿದೆ. ಸಮ ರಸ್ತೇಲಿ ಹೆಂಗೋ ಉಸಿರಾಡ್ತೀನಿ, ಏರು ಬಂದ್ರೆ ಕಟ್ಕೊಳತ್ತೆ. ಪ್ರೀತಿಯಿಂದ ಕೊಟ್ಟ ಕಣಾನ ಬೇಡ ಅಂದ್ರೆ ಅವ್ಳು ನೊಂದ್ಕೊಳಲ್ವಾ?"

ಗಂಗಾಂಬಿಕೆಗೆ ಆಗ ನೆನಪಾಯಿತು. ಹಬ್ಬದ ದಿನ ಅಣ್ಣ ಬಾನೆಟ್ ಎತ್ತಿ, ಟರ್ಬೊ ಉಸಿರಾಡುವುದೇ ಇಲ್ಲಿಂದ ಎಂದು ದಪ್ಪನೆಯ ಕೊಳವೆಯೊಂದನ್ನು ಬಿಚ್ಚಿ ತೋರಿಸಿದ್ದ. ಅಷ್ಟು ಮುಖ್ಯವಾದ ಜಾಗಕ್ಕೆ ಬರೀ ಕುಂಕುಮ ಸಾಕೇ ಎಂದು ಇವಳು ಅದರ ಬಾಯಲ್ಲೇ ಕಣ ಇಟ್ಟಿದ್ದಳು. ಇವಳು ಆರತಿಗೆ ಎಣ್ಣೆ ತರಲು ಹೋದಾಗ ಅವನು ನೋಡದೆ ಕೊಳವೆ ಮುಚ್ಚಿದ್ದ. ತಪ್ಪು ಯಾರದೆಂದು ಅಣ್ಣ ತಂಗಿ ಅಲ್ಲಿಯೇ ಐದು ನಿಮಿಷ ಕಚ್ಚಾಡಿದರು. ಕೊನೆಗೆ ಕೊಳವೆ ಬಿಚ್ಚಿ ಎಳೆದಾಗ ಜರಿ ಅಂಚಿನ ಹಸಿರು ಕಣ ಮುದ್ದೆಯಾಗಿ ಹೊರಬಂತು. ಕೊಟ್ಟದ್ದನ್ನು ವಾಪಸ್ಸು ಪಡೆಯುವಂತಿಲ್ಲವೆಂದು ಗಂಗಾಂಬಿಕೆ ಅದನ್ನು ಒಳಗಿನ ಕನ್ನಡಿಗೆ ಕಟ್ಟಿದಳು. ಗಾಡಿ ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡು, ಉಳಿದ ಗುಡ್ಡವನ್ನು ಒಂದೇ ಓಟದಲ್ಲಿ ಹತ್ತಿಬಿಟ್ಟಿತು.

ಒಂದು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಗೇಟಿನ ಬಳಿ ಗಡಿಯಾರ ನೋಡುತ್ತಾ ನಿಂತಿದ್ದ ಹನುಮಂತರಾಯರ ಮುಖ ಅರಳಿತು. ಗಂಗಾಂಬಿಕೆಗೆ ಹೋದ ಜೀವ ಬಂದಂತಾಯಿತು.

"ಚೆನ್ನಾಗಿದೀಯೇನಪ್ಪಾ?" ಎಂದಿತು ಗಾಡಿ.

ಹನುಮಂತರಾಯರು ಹಿರಿಯರಿಗೆ ಎದುರಾಡಿ ಬೆಳೆದವರಲ್ಲ. ದನಿ ಎಲ್ಲಿಂದ ಬಂತೆಂದು ನೋಡುವ ಮೊದಲೇ ಕೈಮುಗಿದು, "ಚೆನ್ನಾಗಿದೀನಮ್ಮ. ತಾವು ಹೇಗಿದೀರಿ?" ಎಂದುಬಿಟ್ಟರು.

ಗಂಗಾಂಬಿಕೆ ಬೇಡ ಬೇಡ ಎಂದು ಕೈಯಾಡಿಸಿದ್ದು ಅವರಿಗೆ ಕಾಣಲಿಲ್ಲ.

"ಏನಂತ ಹೇಳ್ಲಿ ಮಗಾ, ಕಾರ್ಖಾನೇಲಿ ಹುಟ್ಟಿದಾಗಿಂದ ಹೇಳ್ಬೇಕು" ಎಂದ ಗಾಡಿ, ಕತೆಯ ನಡುವೆ ಯಾರೂ ಊಟಕ್ಕೆ ಹೋಗದಿರಲೆಂದು ಟಕ್ಕನೆ ಎಲ್ಲ ಬಾಗಿಲಿಗೂ ಬೀಗ ಹಾಕಿಕೊಂಡಿತು. ಅನ್ನ, ಸಾರು, ಪಲ್ಯ ಒಳಗೆ. ಅರವತ್ತು ಜನ ಎಲೆಯ ಮುಂದೆ. ಹನುಮಂತರಾಯರು ಹೂಂಗುಡುತ್ತಾ ನಿಂತೇ ಇದ್ದರು. ಎರಡೂವರೆಗೆ ಕತೆ ಮೊದಲನೇ ಸರ್ವಿಸಿನ ತನಕ ಬಂದಾಗ, ಗಾಡಿಗೇ ಕನಿಕರ ಹುಟ್ಟಿ, ಊಟ ಮಾಡ್ಕೊಂಡು ಬಾ ಹೋಗಪ್ಪಾ ಎಂದು ಬೀಗ ತೆಗೆಯಿತು.

ಕೆಲಸ ಹೋಯಿತೆಂದೇ ಗಂಗಾಂಬಿಕೆ ಅಳುವುದಕ್ಕೆ ಸಿದ್ಧಳಾಗಿದ್ದಳು. ಆದರೆ ಹನುಮಂತರಾಯರು ನ್ಯಾಯವಂತರು. ಶಿಬಿರದ ಪುಸ್ತಕದಲ್ಲಿ, ಊಟ ಸಮಯಕ್ಕೆ ಮುಂಚೆಯೇ ಬಂದಿದೆ, ಬಡಿಸಲು ತಡವಾದದ್ದು ನನ್ನಿಂದ, ಎಂದು ಬರೆದು ರುಜು ಹಾಕಿದರು.

ಮರುದಿನ ಊಟ ಹನ್ನೆರಡೂಮುಕ್ಕಾಲಿಗೇ ಗುಡ್ಡ ಹತ್ತಿತು. ಗೇಟಿಗೆ ಹೊಸದೊಂದು ಬೋರ್ಡು ಹಾಕಿದ್ದರು, ಬಣ್ಣ ಇನ್ನೂ ಹಸಿಯಾಗಿತ್ತು: 'ಊಟದ ಗಾಡಿಯ ಯೋಗಕ್ಷೇಮವನ್ನು ಯಾರೂ ವಿಚಾರಿಸತಕ್ಕದ್ದಲ್ಲ.'