ಹಿಮಕ್ಕೆ ಹೊರಟ ಫರ್ನೇಸ್ ಬೂಟು

ನಮ್ಮ ಭಾವನ ಹಿಂದೆ ಬೆಟ್ಟ ಹತ್ತುವುದಕ್ಕಿಂತ ಬೆಟ್ಟವನ್ನೇ ಹೊತ್ತುಕೊಂಡು ಬರುವುದು ಸುಲಭ! ಅಕ್ಕನ ಗಂಡ. ಭದ್ರಾವತಿಯ ಉಕ್ಕಿನ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಫರ್ನೇಸಿನ ಮುಂದೆ ನಿಂತು ರಿಟೈರ್ ಆದವರು. ಬೆಂಕಿಯನ್ನೇ ಆಳಿದವನಿಗೆ ಹಿಮ ಯಾವ ಮಹಾ ಎಂಬುದು ಅವರ ಥಿಯರಿ.

ಹಿಮದ ಆಸೆ ಮಾತ್ರ ನನ್ನದು. ಕಾನ್ವೆಂಟಿನ ಉರಿಬಿಸಿಲಿನ ಮಧ್ಯಾಹ್ನಗಳಲ್ಲಿ ಸಿಸ್ಟರ್ ನಮಗೆ ಸ್ನೋ ಬಗ್ಗೆ ಪದ್ಯ ಬಾಯಿಪಾಠ ಮಾಡಿಸುತ್ತಿದ್ದರು; ಪಾಪ, ಅವರೂ ಕಂಡವರಲ್ಲ. ಈಗ ಎರಡೂ ಮಂಡಿಗೆ ಆಪರೇಷನ್ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅದಕ್ಕೆ ಮೊದಲು, ದೇವರು ಕೊಟ್ಟ ಒರಿಜಿನಲ್ ಮಂಡಿಯಲ್ಲೇ ಒಂದು ಪುಟ್ಟ ಹಿಮದ ಗುಡ್ಡವನ್ನಾದರೂ ಹತ್ತಬೇಕೆಂದು ನನ್ನ ಹಠ.

"ಚಳಿಗೆ ಪ್ರಾಕ್ಟೀಸ್ ಬೇಕು ಮಾರಾಯ್ತಿ" ಎಂದು ಭಾವ ರವೀಂದ್ರನಗರದ ನಮ್ಮ ಮನೆಯಿಂದ ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿದ್ದೆಲ್ಲಿಗೆ ಗೊತ್ತೇ? ಮಾಚೇನಹಳ್ಳಿಯ ಒಂದು ಐಸ್ ಫ್ಯಾಕ್ಟರಿಗೆ! ಮಾಲೀಕ ಮುಖ ಸಪ್ಪಗೆ ಮಾಡಿಕೊಂಡು, "ಬಾಡಿ ಎಲ್ಲಿಟ್ಟಿದೀರ ಸಾರ್? ಎಷ್ಟು ಬ್ಲಾಕ್ ಬೇಕು?" ಎಂದ. ಭಾವ ನನ್ನನ್ನು ಮುಂದೆ ತಳ್ಳಿ, "ಬ್ಲಾಕ್ ಬೇಡಪ್ಪ, ಇವಳನ್ನ ಹತ್ತು ನಿಮಿಷ ಒಳಗೆ ನಿಲ್ಲಿಸ್ಕೊ" ಎಂದರು!

ದೀಪಾವಳಿ ಮುಗಿಸಿ ಹಿಮಾಚಲಕ್ಕೆ ಹೋದೆವು. ಆ ವರ್ಷದ ಮೊದಲ ಹಿಮ ಬಿದ್ದಿತ್ತು. ಅಕ್ಕ ಹೋಟೆಲಿನ ರಜಾಯಿಯೊಳಗಿಂದಲೇ, "ಹುಚ್ಚರಿಬ್ರೂ ಹೋಗಿ ಬನ್ನಿ" ಎಂದಳು. ನರೆತ ಮೀಸೆಯ ಗೈಡ್ ಒಂದೇ ಷರತ್ತು ಹಾಕಿದ: ಹನ್ನೆರಡರೊಳಗೆ ತುದಿ ಮುಟ್ಟದಿದ್ದರೆ ಎಲ್ಲಿದ್ದೇವೋ ಅಲ್ಲಿಂದಲೇ ವಾಪಸ್.

ಭಾವನ ಕಾಲಿನಲ್ಲಿ ಫ್ಯಾಕ್ಟರಿಯ ಹಳೇ ಬೂಟು, ಮೂತಿಯೊಳಗೆ ಉಕ್ಕಿನ ತಗಡು ಕೂರಿಸಿದ್ದು. ತಗಡು ತಣ್ಣಗಾದರೆ ಬೆರಳು ಮರಗಟ್ಟುತ್ತದೆಂದು ಗೈಡ್ ಬೇಡಿಕೊಂಡ. "ಕಾದ ಕಬ್ಬಿಣಕ್ಕೇ ಜಗ್ಗದ ಬೂಟು, ಕುಚ್ ನಹೀ ಆಗಲ್ಲ!" ಎಂದರು ಭಾವ, ತಮ್ಮ ಭದ್ರಾವತಿ ಹಿಂದಿಯಲ್ಲಿ. ಅರ್ಧ ಗಂಟೆಯಾಗಿರಲಿಲ್ಲ, "ಬೆರಳು ಇದಾವೋ ಇಲ್ವೋ ಗೊತ್ತಾಗ್ತಿಲ್ಲ ಮಾರಾಯ್ತಿ!"

ಹಿಂತಿರುಗಿದರೇ? ಅದೂ ಇಲ್ಲ! ತಿರುವಿಗೊಮ್ಮೆ ವಿಸಲ್ ಊದಿ ತಲೆ ಎಣಿಸುವುದು ಬೇರೆ. ಇದ್ದವರೇ ಮೂವರು! ಏರು ಶುರುವಾದದ್ದೇ ತಡ, ನನ್ನ ಮುಂದೆ ನಿಂತು ದಾರಿ ಕಟ್ಟಿದರು. ಒಂದು ಮೊಳ ಮುಂದೆ ಹೋಗುವುದು, ದಪ್ ದಪ್ ಎಂದು ನಾಲ್ಕು ಸಲ ತುಳಿಯುವುದು, ಮತ್ತೊಂದು ಮೊಳ. ಗಡಿಯಾರದಲ್ಲಿ ಹನ್ನೊಂದೂವರೆ!

"ದಾರಿ ಬಿಡಿ ಭಾವ! ನೀವು ಬೆರಳು ಬೆಚ್ಚಗೆ ಮಾಡ್ಕೊಳ್ಳೋಷ್ಟರಲ್ಲಿ ನನ್ನ ಬೆಟ್ಟ ಕೈಬಿಟ್ಟು ಹೋಗತ್ತೆ!"

"ಶಿಫ್ಟ್ ಇನ್‌ಚಾರ್ಜ್ ನಾನು. ತೆಪ್ಪಗೆ ಹಿಂದೆ ಬಾ."

ಕಾನ್ವೆಂಟ್ ಇಂಗ್ಲಿಷಿನಲ್ಲಿ ಬೈಗುಳ ಕಡಿಮೆ. ಇದ್ದಷ್ಟನ್ನೂ ಮನಸ್ಸಿನಲ್ಲೇ ಖರ್ಚು ಮಾಡಿದೆ.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ತುದಿಯಲ್ಲಿ ನಿಂತಿದ್ದೆ. ಸುತ್ತಲೂ ಬಿಳಿ, ಮೇಲೆ ನೀಲಿ. ಗೆದ್ದ ಗತ್ತಿನಲ್ಲಿ ತಿರುಗಿ ಕೆಳಗೆ ನೋಡಿದೆ.

ಇಳಿಜಾರಿನ ಉದ್ದಕ್ಕೂ ಮೆಟ್ಟಿಲುಗಳಿದ್ದವು. ಒಂದೊಂದೂ ತುಳಿದು ತುಳಿದು ಗಟ್ಟಿ ಮಾಡಿ ಸಮತಟ್ಟಾಗಿಸಿದ್ದು. ಎತ್ತರ ನನ್ನ ಮಂಡಿ ಮಡಚುವಷ್ಟೇ, ಅಂತರ ನನ್ನ ಹೆಜ್ಜೆಯಷ್ಟೇ. ಪಕ್ಕದಲ್ಲೇ ಗೈಡಿನ ಹೆಜ್ಜೆಗಳು ದೂರದೂರ ಬಿದ್ದಿದ್ದವು. ನಮ್ಮ ಭಾವ ಆರಡಿ ಆಳು. ಅವರ ಒಂದು ಹೆಜ್ಜೆ ನನಗೆ ಎರಡೂವರೆ.

ಬಂಡೆಯ ಮೇಲೆ ಕೂತು ಬೂಟಿನ ಲೇಸಿನೊಡನೆ ಹೆಣಗುತ್ತಿದ್ದರು. ನಾನೇ ಬಿಚ್ಚಿದೆ. ಬೆಳ್ಳಗೆ ಬಿಳಿಚಿದ್ದ ಪಾದಗಳನ್ನು ಶಾಲಿನಲ್ಲಿ ಸುತ್ತಿ ಮಡಿಲಿನಲ್ಲಿಟ್ಟುಕೊಂಡೆ.

"ಮಂಡಿ ನೋಯ್ತೇನೇ?" ಎಂದರು.

"ಇಲ್ಲ ಭಾವ."

ನಿಜವಾಗಿಯೂ ನೋವಾಗಿರಲಿಲ್ಲ.